ಎಮ್ಯುಲೇಟರ್‌ನಲ್ಲಿ ಜಾಗ ಸಾಲುತ್ತಿಲ್ವಾ? ಯಾವ ದಾರಿ ಯಾರಿಗೆ ಸರಿ

ಆ್ಯಪ್ ಬಿಲ್ಡ್ ಆಯ್ತು, ಎಮ್ಯುಲೇಟರ್ (ಲ್ಯಾಪ್‌ಟಾಪಿನೊಳಗೆ ಓಡುವ ನಕಲಿ ಫೋನ್) ಆನ್ ಆಯ್ತು, ಇನ್ನೇನು ಇನ್‌ಸ್ಟಾಲ್ ಆಗಬೇಕು ಅನ್ನುವಷ್ಟರಲ್ಲಿ 'ಇನ್‌ಸ್ಟಾಲ್ ಫೇಲ್ಡ್, ಇನ್‌ಸಫಿಷಿಯೆಂಟ್ ಸ್ಟೋರೇಜ್' ಅನ್ನುವ ಸಾಲು ಬಂದು ನಿಲ್ಲುತ್ತದೆ. ಆಂಡ್ರಾಯ್ಡ್ ಆ್ಯಪ್ ಮಾಡುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಕೆಲಸ ಮಾಡುವ ಎಲ್ಲರಿಗೂ ಒಮ್ಮೆಯಾದರೂ ಇದು ಎದುರಾಗಿರುತ್ತದೆ. ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ: ಸೆಟ್ಟಿಂಗ್ ತೆಗೆದು, ಕಂಡ ಕಡೆ ಒಂದು ದೊಡ್ಡ ಸಂಖ್ಯೆ ಹಾಕುವುದು.

ನಾನೂ ಹಾಗೇ ಮಾಡಿದ್ದೆ. ಆಗ ನಾನು ಪರೀಕ್ಷೆ ಮಾಡುತ್ತಿದ್ದದ್ದು ಪಾಠಗಳ ಆಡಿಯೊ ಇಳಿಸಿಟ್ಟುಕೊಂಡು ನೆಟ್ ಇಲ್ಲದಾಗಲೂ ಕೇಳಬಹುದಾದ ಒಂದು ಆ್ಯಪ್. ಒಂದು ತರಗತಿಯ ಪಾಠ ಪೂರ್ತಿ ಇಳಿಸಿದರೆ ಒಂದೂವರೆ ಜಿಬಿ ದಾಟುತ್ತಿತ್ತು. ಎಮ್ಯುಲೇಟರ್ ತುಂಬಿತು. ಜಾಗ ತಾನೇ ಬೇಕು ಅಂತ 8 ಜಿಬಿಯ ಎಸ್‌ಡಿ ಕಾರ್ಡ್ ಸೇರಿಸಿದೆ. ಮತ್ತೆ ಅದೇ ಸಾಲು. ಕಾರ್ಡನ್ನು 16 ಜಿಬಿ ಮಾಡಿದೆ. ಮತ್ತೆ ಅದೇ. ಒಂದು ಇಡೀ ಮಧ್ಯಾಹ್ನ ಅದರಲ್ಲೇ ಹೋಯಿತು. ತುಂಬಿದ್ದ ಜಾಗ ಒಂದು, ನಾನು ಹೆಚ್ಚಿಸುತ್ತಿದ್ದ ಜಾಗ ಇನ್ನೊಂದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದಾರಿಗಳು ಹಲವಾರಿವೆ, ಆದರೆ ಯಾವ ಜಾಗ ತುಂಬಿದೆ ಅಂತ ಗೊತ್ತಾಗದೆ ಯಾವ ದಾರಿಯೂ ಸರಿಯಲ್ಲ.

ಮೊದಲು ನೋಡಬೇಕಾದ್ದು: ತುಂಬಿರುವುದು ಯಾವುದು?

ನಮ್ಮಲ್ಲಿ ಫೋನ್ ತುಂಬಿದರೆ 'ಮೆಮೊರಿ ಫುಲ್' ಅಂತಲೇ ಹೇಳುವುದು, ಅಲ್ವಾ? ಮಾತಿನಲ್ಲಿ ಅದು ಸರಿ. ಆದರೆ ಎಮ್ಯುಲೇಟರ್ ಸೆಟ್ಟಿಂಗ್‌ನಲ್ಲಿ ರ‍್ಯಾಮ್ ಮತ್ತು ಇಂಟರ್ನಲ್ ಸ್ಟೋರೇಜ್ ಎರಡೂ ಹತ್ತಿರ ಹತ್ತಿರವೇ ಇರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರು 'ಮೆಮೊರಿ' ಹೆಚ್ಚಿಸಬೇಕು ಅಂದುಕೊಂಡು ರ‍್ಯಾಮ್ ಹೆಚ್ಚಿಸಿದ್ದನ್ನು ನಾನು ಎರಡು ಮೂರು ಸಲ ನೋಡಿದ್ದೇನೆ. ರ‍್ಯಾಮ್ ಎಷ್ಟೇ ಕೊಟ್ಟರೂ ಇನ್‌ಸ್ಟಾಲ್ ಆಗುವ ಜಾಗ ಒಂದು ಎಂಬಿಯೂ ಹೆಚ್ಚುವುದಿಲ್ಲ. ಬದಲಿಗೆ ನಿಮ್ಮ ಲ್ಯಾಪ್‌ಟಾಪೇ ನಿಧಾನವಾಗುತ್ತದೆ.

ಜಾಗ ಅಂದಾಗ ಅಲ್ಲಿ ಮೂರು ಬೇರೆ ಬೇರೆ ಜಾಗಗಳಿವೆ. ಒಂದು, ಎಮ್ಯುಲೇಟರ್ ಒಳಗಿನ ಡೇಟಾ ಪಾರ್ಟಿಷನ್. ಆ್ಯಪ್‌ಗಳು, ಅವುಗಳ ಡೇಟಾಬೇಸ್, ಡೌನ್‌ಲೋಡ್ ಆದ ಫೈಲ್ ಎಲ್ಲವೂ ಕೂರುವುದು ಇಲ್ಲಿ. ಎರಡು, ಬೇರೆಯಾಗಿ ಸೇರಿಸಿದ ಎಸ್‌ಡಿ ಕಾರ್ಡ್. ಮೂರು, ನಿಮ್ಮ ಲ್ಯಾಪ್‌ಟಾಪಿನ ಡಿಸ್ಕ್. ಎಮ್ಯುಲೇಟರ್ ಅನ್ನುವುದು ಕೊನೆಗೆ ಲ್ಯಾಪ್‌ಟಾಪಿನ ಡಿಸ್ಕ್ ಮೇಲೆ ಕೂತಿರುವ ಕೆಲವು ದೊಡ್ಡ ಫೈಲ್‌ಗಳೇ ಆದ್ದರಿಂದ, ಡಿಸ್ಕ್ ತುಂಬಿದ್ದರೆ ಒಳಗೆ ಏನು ಹೆಚ್ಚಿಸಿದರೂ ಉಪಯೋಗವಿಲ್ಲ.

ಪರೀಕ್ಷಿಸುವುದು ಸುಲಭ. ಟರ್ಮಿನಲ್ ತೆಗೆದು ಎಡಿಬಿ (ಲ್ಯಾಪ್‌ಟಾಪಿನಿಂದ ಎಮ್ಯುಲೇಟರ್‌ಗೆ ಆದೇಶ ಕೊಡುವ ಟೂಲ್) ಶೆಲ್ ಒಳಗೆ ಹೋಗಿ, ಡಿಎಫ್ ಕಮಾಂಡನ್ನು ಹೈಫನ್ ಎಚ್ ಜೊತೆ '/ಡೇಟಾ' ಮೇಲೆ ಓಡಿಸಿ. ಒಟ್ಟು ಎಷ್ಟು, ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಒಂದೇ ಸಾಲಿನಲ್ಲಿ ಬರುತ್ತದೆ. ನೀವು 6 ಜಿಬಿ ಕೊಟ್ಟಿದ್ದರೆ ಅಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಕಾಣಬಹುದು. ಫೈಲ್ ಸಿಸ್ಟಮ್ ತನ್ನ ಲೆಕ್ಕಪತ್ರಕ್ಕೆ ಒಂದಿಷ್ಟು ಇಟ್ಟುಕೊಳ್ಳುತ್ತದೆ, ಗಾಬರಿ ಬೇಡ.

ಲ್ಯಾಪ್‌ಟಾಪಿನ ಡಿಸ್ಕ್ ತುಂಬಿದ್ದರೆ ಬರುವ ಸಂದೇಶವೇ ಬೇರೆ. ಎಮ್ಯುಲೇಟರ್ ಆನ್ ಆಗುವುದೇ ಇಲ್ಲ. ಯೂಸರ್ ಡೇಟಾ ಪಾರ್ಟಿಷನ್ ಮಾಡಲು ಜಾಗವಿಲ್ಲ, 7372.8 ಎಂಬಿ ಬೇಕು ಅನ್ನುತ್ತದೆ. ಆ ಸಂಖ್ಯೆ ನೋಡಿ ತಲೆ ಕೆಡಿಸಿಕೊಂಡವರು ಬಹಳ ಜನ. ಲೆಕ್ಕ ಸರಳವಾಗಿದೆ. 6 ಜಿಬಿ ಅಂದರೆ 6144 ಎಂಬಿ, ಅದನ್ನು 1.2ರಿಂದ ಗುಣಿಸಿದರೆ 7372.8. ಅಂದರೆ ನೀವು ಕೇಳಿದ ಗಾತ್ರಕ್ಕಿಂತ ಐದನೇ ಒಂದು ಭಾಗ ಜಾಸ್ತಿ ಜಾಗ ಡಿಸ್ಕ್‌ನಲ್ಲಿ ಖಾಲಿ ಇದ್ದರೆ ಮಾತ್ರ ಅದು ಮುಂದುವರಿಯುತ್ತದೆ. 16 ಜಿಬಿ ಕೊಡಬೇಕು ಅಂತ ಯೋಚಿಸುತ್ತಿದ್ದರೆ ಅದೇ ಲೆಕ್ಕ ಹಾಕಿ, ಸುಮಾರು 19 ಜಿಬಿ ಖಾಲಿ ಇದೆಯಾ ನೋಡಿಕೊಳ್ಳಿ.

300 ಎಂಬಿ ಉಳಿದಿದೆ, ಆದರೂ ಯಾಕೆ ಆಗ್ತಿಲ್ಲ?

ಆ್ಯಪ್ ಬರೀ 80 ಎಂಬಿ, ಒಳಗೆ 300 ಎಂಬಿ ಖಾಲಿ ಇದೆ, ಆದರೂ ಜಾಗ ಇಲ್ಲ ಅನ್ನುತ್ತದೆ. ಇದು ದೋಷ ಅಲ್ಲ. ಆಂಡ್ರಾಯ್ಡ್ ತನ್ನ ಉಸಿರಾಟಕ್ಕೆ ಅಂತ ಒಂದಿಷ್ಟು ಜಾಗವನ್ನು ಕಾದಿಟ್ಟುಕೊಳ್ಳುತ್ತದೆ. ಮೂಲ ಆಂಡ್ರಾಯ್ಡ್‌ನ ನಿಯಮದಲ್ಲಿ ಅದು ಪಾರ್ಟಿಷನ್‌ನ ಶೇ. 5 ಅಥವಾ 500 ಎಂಬಿ, ಇವೆರಡರಲ್ಲಿ ಯಾವುದು ಚಿಕ್ಕದೋ ಅದು. 2 ಜಿಬಿ ಪಾರ್ಟಿಷನ್‌ನಲ್ಲಿ ಇದು ಸುಮಾರು 100 ಎಂಬಿ. 6 ಜಿಬಿಯಲ್ಲಿ ಸುಮಾರು 300 ಎಂಬಿ. 16 ಜಿಬಿಗೆ ಹೋದರೆ ಶೇ. 5 ಅಂದರೆ 800 ದಾಟುತ್ತದೆ, ಆದ್ದರಿಂದ ಅಲ್ಲಿ 500ಕ್ಕೆ ನಿಲ್ಲುತ್ತದೆ. ಅದರ ಮೇಲೆ ಉಳಿದದ್ದು ಮಾತ್ರ ನಿಮ್ಮ ಆ್ಯಪ್‌ಗೆ.

ಇನ್ನೊಂದು ವಿಷಯ. ಎಪಿಕೆ, ಅಂದರೆ ಆ್ಯಪ್‌ನ ಇನ್‌ಸ್ಟಾಲ್ ಫೈಲ್, 80 ಎಂಬಿ ಇದೆ ಅಂದರೆ ಅದು ಹಿಡಿಯುವುದು 80 ಎಂಬಿಯೇ ಅಲ್ಲ. ಇನ್‌ಸ್ಟಾಲ್ ಆಗುವಾಗ ಕೋಡನ್ನು ವೇಗವಾಗಿ ಓಡಿಸಲು ಸಿಸ್ಟಮ್ ತಯಾರಿಸಿಕೊಳ್ಳುವ ಫೈಲ್‌ಗಳಿವೆ, ಕೆಲವು ಆ್ಯಪ್‌ಗಳಲ್ಲಿ ನೇಟಿವ್ ಲೈಬ್ರರಿಗಳು ಬಿಚ್ಚಿಕೊಂಡು ಹೊರಗೆ ಕೂರುತ್ತವೆ. ಹಳೆಯ ಎಡಿಬಿ ಆದರೆ ಮೊದಲು ಎಪಿಕೆಯನ್ನು ತಾತ್ಕಾಲಿಕ ಫೋಲ್ಡರಿಗೆ ಹಾಕಿ ಆಮೇಲೆ ಇನ್‌ಸ್ಟಾಲ್ ಮಾಡುತ್ತಿತ್ತು, ಆ ಹೊತ್ತಿಗೆ ಎರಡು ಪಟ್ಟು ಜಾಗ ಬೇಕಾಗುತ್ತಿತ್ತು. ಈಗಿನ ಎಡಿಬಿ ನೇರವಾಗಿ ಹರಿಸಿ ಇನ್‌ಸ್ಟಾಲ್ ಮಾಡುತ್ತದೆ.

ಹೆಚ್ಚಿಸದೆ ಸುಮ್ನೆ ಖಾಲಿ ಮಾಡುವುದು

ಎಷ್ಟೋ ಸಲ ಇಷ್ಟೇ ಸಾಕು. ಹಿಂದಿನ ತಿಂಗಳು ಪರೀಕ್ಷಿಸಿದ ಬೇರೆ ಬೇರೆ ಆವೃತ್ತಿಗಳ ಆ್ಯಪ್‌ಗಳು ಹಾಗೇ ಕೂತಿರುತ್ತವೆ. ಅವನ್ನು ತೆಗೆಯಿರಿ. ಆ್ಯಪ್ ಉಳಿಯಬೇಕು, ಡೇಟಾ ಮಾತ್ರ ಹೋಗಬೇಕು ಅಂದರೆ ಎಡಿಬಿ ಶೆಲ್‌ನಲ್ಲಿ ಪಿಎಂ ಕ್ಲಿಯರ್ ಅಂತ ಹೇಳಿ ಪ್ಯಾಕೇಜ್ ಹೆಸರು ಕೊಡಿ.

ಏನೂ ಹಾಕದಿದ್ದರೂ ದಿನದಿಂದ ದಿನಕ್ಕೆ ಜಾಗ ಕಡಿಮೆಯಾಗುತ್ತಿದ್ದರೆ, ನೀವು ಪ್ಲೇ ಸ್ಟೋರ್ ಇರುವ ಸಿಸ್ಟಮ್ ಇಮೇಜ್ (ಎಮ್ಯುಲೇಟರ್ ಓಡಿಸುವ ಆಂಡ್ರಾಯ್ಡ್‌ನ ಪ್ರತಿ) ಬಳಸುತ್ತಿದ್ದೀರಾ ನೋಡಿ. ಅದರಲ್ಲಿ ಗೂಗಲ್ ಅಕೌಂಟ್ ಹಾಕಿ ಲಾಗಿನ್ ಆಗಿದ್ದರೆ, ಮೊದಲೇ ಬಂದಿರುವ ಆ್ಯಪ್‌ಗಳು ಹಿಂದಿನಿಂದ ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಹಳೆಯದು ಸಿಸ್ಟಮ್ ಪಾರ್ಟಿಷನ್‌ನಲ್ಲಿ ಹಾಗೇ ಇರುತ್ತದೆ, ಹೊಸದು ಬಂದು ಡೇಟಾ ಪಾರ್ಟಿಷನ್‌ನಲ್ಲಿ ಕೂರುತ್ತದೆ. ನಿಮ್ಮ ಆ್ಯಪ್‌ಗೆ ಪ್ಲೇ ಸ್ಟೋರ್ ಬೇಕಿಲ್ಲ ಅಂದರೆ 'ಗೂಗಲ್ ಎಪಿಐಸ್' ಇಮೇಜ್ ತೆಗೆದುಕೊಳ್ಳಿ. ಅದರಲ್ಲಿ ಎಡಿಬಿ ರೂಟ್ (ಸಿಸ್ಟಮ್ ಮೇಲೆ ಪೂರ್ತಿ ಅಧಿಕಾರ) ಕೂಡ ಸಿಗುತ್ತದೆ, ಪ್ಲೇ ಇಮೇಜ್‌ನಲ್ಲಿ ಸಿಗುವುದಿಲ್ಲ. ಬೇಕೇ ಬೇಕು ಅಂದರೆ ಪ್ಲೇ ಸ್ಟೋರ್‌ನಲ್ಲಿ ಆಟೊ ಅಪ್‌ಡೇಟ್ ಆಫ್ ಮಾಡಿಬಿಡಿ.

ಒಂದೇ ಚಿಕ್ಕ ಆ್ಯಪ್ ಪರೀಕ್ಷಿಸುವವರು, ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುತ್ತಿರುವವರು ಇಲ್ಲಿಗೇ ನಿಲ್ಲಬಹುದು. ಮುಂದಿನದು ನಿಜವಾಗಿಯೂ ಜಾಗ ಬೇಕಾದವರಿಗೆ.

ಇರುವ ಡಿವೈಸ್‌ನ ಇಂಟರ್ನಲ್ ಸ್ಟೋರೇಜ್ ಹೆಚ್ಚಿಸುವುದು

ಆಂಡ್ರಾಯ್ಡ್ ಸ್ಟುಡಿಯೊದ ಡಿವೈಸ್ ಮ್ಯಾನೇಜರ್‌ಗೆ ಹೋಗಿ. ನಿಮ್ಮ ಡಿವೈಸ್ (ಅಂದರೆ ನೀವು ಮಾಡಿಕೊಂಡ ಎಮ್ಯುಲೇಟರ್ ಫೋನ್) ಪಕ್ಕದ ಮೂರು ಚುಕ್ಕಿ ಒತ್ತಿ, ಎಡಿಟ್ ಆರಿಸಿ. ಹಳೆಯ ಆವೃತ್ತಿಗಳಲ್ಲಿ 'ಶೋ ಅಡ್ವಾನ್ಸ್ಡ್ ಸೆಟ್ಟಿಂಗ್ಸ್' ಒತ್ತಿ ಕೆಳಗೆ ಇಳಿಯಬೇಕು, ಹೊಸದರಲ್ಲಿ 'ಅಡಿಷನಲ್ ಸೆಟ್ಟಿಂಗ್ಸ್' ಅನ್ನುವ ಬೇರೆ ಟ್ಯಾಬ್ ಇದೆ. ಅಲ್ಲಿ ಇಂಟರ್ನಲ್ ಸ್ಟೋರೇಜ್ ಅನ್ನುವ ಕಡೆ ಸಂಖ್ಯೆ ಬದಲಿಸಿ, ಪಕ್ಕದಲ್ಲಿ ಜಿಬಿಯೋ ಎಂಬಿಯೋ ಸರಿಯಾಗಿ ನೋಡಿ, ಫಿನಿಶ್ ಕೊಡಿ. ಘಟಕ ನೋಡದೆ 16 ಎಂಬಿ ಕೊಟ್ಟು ಕೂತವರಿದ್ದಾರೆ.

ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಎಮ್ಯುಲೇಟರ್ ಆನ್ ಮಾಡಿ ಡಿಎಫ್ ಓಡಿಸಿದರೆ ಎಷ್ಟೋ ಸಲ ಹಳೆಯ ಗಾತ್ರವೇ ಕಾಣುತ್ತದೆ. ಸೆಟ್ಟಿಂಗ್‌ನಲ್ಲಿ 16, ಒಳಗೆ 6. ಕಾರಣ ಏನಂದರೆ, ನೀವು ಬದಲಿಸಿದ್ದು ಒಂದು ಬರವಣಿಗೆಯ ಫೈಲ್‌ನಲ್ಲಿರುವ ಸಂಖ್ಯೆಯನ್ನು. ಡೇಟಾ ಇರುವ ಇಮೇಜ್ ಫೈಲ್ ಮೊದಲ ಸಲ ಎಮ್ಯುಲೇಟರ್ ಆನ್ ಆದಾಗಲೇ ಆಗಿನ ಗಾತ್ರಕ್ಕೆ ತಯಾರಾಗಿ ಕೂತಿದೆ. ಮನೆಯ ನಕ್ಷೆಯಲ್ಲಿ ಗೋಡೆ ಆಚೆ ಸರಿಸಿದ ಮಾತ್ರಕ್ಕೆ ಕಟ್ಟಿದ ಗೋಡೆ ಸರಿಯುತ್ತದೆಯೇ?

ಮೊದಲು ಕೋಲ್ಡ್ ಬೂಟ್ ಮಾಡಿ ನೋಡಿ. ಎಮ್ಯುಲೇಟರ್ ಸಾಮಾನ್ಯವಾಗಿ ಕ್ವಿಕ್ ಬೂಟ್‌ನಲ್ಲಿ ಏಳುತ್ತದೆ, ಅಂದರೆ ಹೊಸದಾಗಿ ಬೂಟ್ ಆಗುವುದಿಲ್ಲ, ಕೊನೆಯ ಸಲ ಮುಚ್ಚಿದಾಗಿನ ಸ್ಥಿತಿಯನ್ನು ಸ್ನ್ಯಾಪ್‌ಶಾಟ್‌ನಿಂದ ಎತ್ತಿಕೊಳ್ಳುತ್ತದೆ. ಕೋಲ್ಡ್ ಬೂಟ್ ಆದರೆ ಪೂರ್ತಿ ಹೊಸದಾಗಿ. ಅದರಿಂದಲೂ ಆಗದಿದ್ದರೆ ಉಳಿದದ್ದು 'ವೈಪ್ ಡೇಟಾ'. ಇದು ಖಂಡಿತ ಕೆಲಸ ಮಾಡುತ್ತದೆ, ಆದರೆ ಒಳಗಿರುವ ಎಲ್ಲವೂ ಹೋಗುತ್ತದೆ: ಹಾಕಿದ ಆ್ಯಪ್‌ಗಳು, ಲಾಗಿನ್ ಆದ ಅಕೌಂಟ್, ಬದಲಿಸಿದ ಸೆಟ್ಟಿಂಗ್, ಗ್ಯಾಲರಿಗೆ ತುಂಬಿದ ಪರೀಕ್ಷೆಯ ಚಿತ್ರಗಳು, ಎಲ್ಲವೂ.

ವೈಪ್ ಮಾಡುವ ಮೊದಲು ಬೇಕಾದ್ದನ್ನು ಹೊರಗೆ ತೆಗೆದಿಡಿ. ಸ್ಟುಡಿಯೊದ ಡಿವೈಸ್ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಮಾಡಿಕೊಳ್ಳಬಹುದು. ನಿಮ್ಮ ಆ್ಯಪ್ ಡಿಬಗ್ ಬಿಲ್ಡ್ ಆಗಿದ್ದರೆ ಅದರ ಒಳಗಿನ ಡೇಟಾಬೇಸ್ ಫೈಲ್ ಕೂಡ ಅಲ್ಲೇ ಸಿಗುತ್ತದೆ. ಒಂದು ವಾರ ಕೂತು ಹುಟ್ಟುಹಾಕಿದ ಪರೀಕ್ಷೆಯ ಡೇಟಾ ಒಂದು ಕ್ಲಿಕ್‌ನಲ್ಲಿ ಹೋದರೆ ಹೊಟ್ಟೆ ಉರಿಯುತ್ತದೆ. ನಿಮಗೆ ಹಾಗಾಗುವುದು ಬೇಡ.

ಹೊಸ ಡಿವೈಸನ್ನೇ ಮಾಡಿಕೊಳ್ಳುವುದು

ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಇದೇ ಸರಿ. ಹೇಗೂ ವೈಪ್ ಮಾಡಲೇಬೇಕು ಅನ್ನುವುದಾದರೆ, ಹಳೆಯದನ್ನು ಯಾಕೆ ಅಳಿಸಬೇಕು? ಡಿವೈಸ್ ಮ್ಯಾನೇಜರ್‌ನಲ್ಲಿ ಡೂಪ್ಲಿಕೇಟ್ ಒತ್ತಿ, ಅದೇ ಸೆಟ್ಟಿಂಗ್ ಇಟ್ಟುಕೊಂಡು, ಹೆಸರು ಬದಲಿಸಿ, ಇಂಟರ್ನಲ್ ಸ್ಟೋರೇಜ್ 16 ಜಿಬಿ ಮಾಡಿ. ಹೆಸರಿನಲ್ಲೇ ಗಾತ್ರ ಬರೆಯಿರಿ, 'ಪಿಕ್ಸೆಲ್ 16 ಜಿಬಿ' ಅಂತ. ಆರು ತಿಂಗಳಾದ ಮೇಲೆ ಪಟ್ಟಿಯಲ್ಲಿ ಏಳು ಡಿವೈಸ್ ಇರುವಾಗ ಯಾವುದು ಯಾವುದು ಅಂತ ಹುಡುಕುವ ಕಷ್ಟ ತಪ್ಪುತ್ತದೆ.

ಹೊಸದು ಮಾಡಿದರೆ ಲ್ಯಾಪ್‌ಟಾಪಿನ ಜಾಗ ಎರಡು ಪಟ್ಟು ಹೋಗುತ್ತದೆ ಅನ್ನುವ ಭಯ ಕೆಲವರಿಗೆ. ಅಷ್ಟಿಲ್ಲ. ಆಂಡ್ರಾಯ್ಡ್‌ನ ಸಿಸ್ಟಮ್ ಇಮೇಜ್ ಎಸ್‌ಡಿಕೆ (ಆ್ಯಪ್ ಮಾಡಲು ಬೇಕಾದ ಟೂಲ್‌ಗಳ ಕಟ್ಟು) ಫೋಲ್ಡರಿನಲ್ಲಿ ಒಂದೇ ಕಡೆ ಇರುತ್ತದೆ, ಅದೇ ಆವೃತ್ತಿಯ ಎಲ್ಲ ಡಿವೈಸ್‌ಗಳೂ ಅದನ್ನೇ ಹಂಚಿಕೊಳ್ಳುತ್ತವೆ. ಡೇಟಾ ಇಮೇಜ್ ಮಾತ್ರ ಪ್ರತಿಯೊಂದಕ್ಕೂ ಬೇರೆ. ಆ ಇಮೇಜ್ ಮೇಲೆ ಆಗುವ ಬದಲಾವಣೆಗಳು ಕ್ಯೂಕೌ2 ಅನ್ನುವ ಮಾದರಿಯ ಫೈಲ್‌ನಲ್ಲಿ ಕೂರುತ್ತವೆ. ಎಮ್ಯುಲೇಟರ್‌ನ ಅಡಿಪಾಯವಾದ ಕ್ಯೂಇಎಂಯು ಅನ್ನುವ ತಂತ್ರಾಂಶದ ಮಾದರಿ ಅದು. ಒಳಗೆ ಬರೆದ ಹಾಗೆ ಹೊರಗೆ ಬೆಳೆಯುವುದು ಅದರ ಗುಣ.

ಆದರೆ ಬೆಳೆದದ್ದು ಕುಗ್ಗುವುದಿಲ್ಲ, ಇದು ಗೊತ್ತಿರಲಿ. ಎಮ್ಯುಲೇಟರ್ ಒಳಗೆ 10 ಜಿಬಿ ವಿಡಿಯೊ ತುಂಬಿ, ಆಮೇಲೆ ಅಳಿಸಿ, ಡಿಎಫ್ ನೋಡಿದರೆ ಒಳಗೆ ಖಾಲಿ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಆ ಫೈಲ್ ಉಬ್ಬಿದಷ್ಟೇ ಇರುತ್ತದೆ. ಅದನ್ನು ಇಳಿಸಲು ಸುಲಭದ ದಾರಿ ವೈಪ್ ಡೇಟಾ. ಆದ್ದರಿಂದ ದೊಡ್ಡ ಫೈಲ್‌ಗಳ ಪರೀಕ್ಷೆಗೆ ಬೇರೆ ಡಿವೈಸ್, ದಿನದ ಕೆಲಸಕ್ಕೆ ಬೇರೆ ಡಿವೈಸ್ ಇಟ್ಟುಕೊಂಡರೆ, ದೊಡ್ಡದನ್ನು ಯಾವಾಗ ಬೇಕಾದರೂ ನಿಶ್ಚಿಂತೆಯಿಂದ ವೈಪ್ ಮಾಡಬಹುದು.

ಫೈಲ್ ತಿದ್ದಿ ಹೆಚ್ಚಿಸುವುದು, ಕಮಾಂಡ್‌ನಿಂದ ಹೆಚ್ಚಿಸುವುದು

ಸ್ಟುಡಿಯೊ ಇಲ್ಲದ ಸರ್ವರ್‌ನಲ್ಲಿ, ಸ್ಕ್ರಿಪ್ಟ್ ಮೂಲಕ ಎಮ್ಯುಲೇಟರ್ ಓಡಿಸುವವರಿಗೆ ಮೇಲಿನ ಕ್ಲಿಕ್‌ಗಳು ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಈ ದಾರಿ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ 'ಆಂಡ್ರಾಯ್ಡ್' ಫೋಲ್ಡರ್ ಇದೆ, ಅದರೊಳಗೆ 'ಎವಿಡಿ', ಅದರೊಳಗೆ ಪ್ರತಿ ಡಿವೈಸ್‌ಗೂ ಒಂದು ಫೋಲ್ಡರ್. ಅಲ್ಲಿ 'ಕಾನ್ಫಿಗ್.ಐಎನ್ಐ' ಫೈಲ್ ತೆಗೆದರೆ 'ಡಿಸ್ಕ್.ಡೇಟಾಪಾರ್ಟಿಷನ್.ಸೈಜ್' ಅನ್ನುವ ಸಾಲು ಸಿಗುತ್ತದೆ. ಅದರ ಬೆಲೆ 16ಜಿ ಅಂತಲೂ ಇರಬಹುದು, ಎಂಬಿ ಲೆಕ್ಕದಲ್ಲಿ 8192ಎಂ ಅಂತಲೂ ಇರಬಹುದು, 6442450944 ಅಂತ ಬೈಟ್‌ಗಳ ಲೆಕ್ಕದಲ್ಲೂ ಇರಬಹುದು. ಕೊನೆಯದು 6 ಜಿಬಿಯೇ.

ಅದೇ ಫೋಲ್ಡರಿನಲ್ಲಿ 'ಹಾರ್ಡ್‌ವೇರ್-ಕ್ಯೂಇಎಂಯು.ಐಎನ್ಐ' ಅಂತ ಇನ್ನೊಂದು ಫೈಲ್ ಇದೆ, ಅದರಲ್ಲೂ ಇದೇ ಸಾಲು ಕಾಣುತ್ತದೆ. ಅದನ್ನು ತಿದ್ದಬೇಡಿ. ಎಮ್ಯುಲೇಟರ್ ಆನ್ ಆದಾಗಲೆಲ್ಲ ಅದು ಹೊಸದಾಗಿ ಬರೆಯಲ್ಪಡುತ್ತದೆ, ನೀವು ತಿದ್ದಿದ್ದು ಉಳಿಯುವುದಿಲ್ಲ. ತಿದ್ದುವಾಗ ಎಮ್ಯುಲೇಟರ್ ಮುಚ್ಚಿರಲಿ.

ಈ ದಾರಿಯ ನಿಜವಾದ ಲಾಭ ಯಾವಾಗ ಅಂದರೆ ಮೊದಲ ಬೂಟ್‌ಗೂ ಮುಂಚೆ. ಎವಿಡಿಮ್ಯಾನೇಜರ್ ಕಮಾಂಡ್‌ನಿಂದ ಡಿವೈಸ್ ಮಾಡಿ, ಇನ್ನೂ ಆನ್ ಮಾಡದೆ, ಆ ಒಂದು ಸಾಲನ್ನು ಸ್ಕ್ರಿಪ್ಟ್‌ನಲ್ಲೇ ಬದಲಿಸಿ, ಆಮೇಲೆ ಆನ್ ಮಾಡಿದರೆ ಡೇಟಾ ಇಮೇಜ್ ನೇರವಾಗಿ ನಿಮಗೆ ಬೇಕಾದ ಗಾತ್ರಕ್ಕೇ ಹುಟ್ಟುತ್ತದೆ. ವೈಪ್ ಮಾತೇ ಬರುವುದಿಲ್ಲ. ತಂಡದಲ್ಲಿ ಐದಾರು ಜನ ಇದ್ದರೆ ಆ ಸ್ಕ್ರಿಪ್ಟನ್ನು ಕೋಡ್ ಜೊತೆಗೇ ಇಡಿ. 'ನನ್ನ ಲ್ಯಾಪ್‌ಟಾಪಲ್ಲಿ ಬರುತ್ತೆ, ನಿನ್ನದರಲ್ಲಿ ಯಾಕೆ ಬರಲ್ಲ' ಅನ್ನುವ ಮಾತು ಅರ್ಧ ಕಡಿಮೆಯಾಗುತ್ತದೆ.

ಎಮ್ಯುಲೇಟರ್ ಕಮಾಂಡಿಗೆ 'ಪಾರ್ಟಿಷನ್-ಸೈಜ್' ಅನ್ನುವ ಆಯ್ಕೆಯೂ ಇದೆ, ಎಂಬಿ ಲೆಕ್ಕದಲ್ಲಿ ಕೊಡಬೇಕು. ನೆಟ್‌ನಲ್ಲಿ ಹಳೆಯ ಉತ್ತರಗಳೆಲ್ಲ ಇದನ್ನೇ ಹೇಳುತ್ತವೆ. ಹಳೆಯ ಎಮ್ಯುಲೇಟರ್‌ಗಳಲ್ಲಿ ಅದಕ್ಕೆ 2047 ಎಂಬಿಯ ಮಿತಿ ಇತ್ತು, ಅದಕ್ಕೇ ಆ ಉತ್ತರಗಳಲ್ಲಿ ಆ ವಿಚಿತ್ರ ಸಂಖ್ಯೆ ಪದೇ ಪದೇ ಕಾಣುತ್ತದೆ. ಈಗಾಗಲೇ ಡೇಟಾ ತುಂಬಿರುವ ಡಿವೈಸ್ ಮೇಲೆ ಇದನ್ನು ನಂಬಿ ಕೂರಬೇಡಿ. ಫೈಲ್ ತಿದ್ದುವುದೇ ವಾಸಿ.

ಎಸ್‌ಡಿ ಕಾರ್ಡ್: ನಾನು ಎಡವಿದ ಜಾಗ

ಇಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಆಂಡ್ರಾಯ್ಡ್ ಒಳಗೆ '/ಎಸ್‌ಡಿಕಾರ್ಡ್' ಅನ್ನುವ ಫೋಲ್ಡರ್ ಇದೆ. ಎಡಿಬಿ ಪುಶ್ ಮಾಡುವಾಗ ಎಲ್ಲರೂ ಅಲ್ಲಿಗೇ ಹಾಕುವುದು. ಅದು ಎಸ್‌ಡಿ ಕಾರ್ಡ್ ಅಲ್ಲ! ಮೊದಲ ಕಾಲದ ಫೋನ್‌ಗಳಲ್ಲಿ ಕಾರ್ಡ್ ಇರುತ್ತಿತ್ತು, ಆ ಹೆಸರು ಹಾಗೇ ಉಳಿದುಕೊಂಡಿದೆ. ಈಗ ಅದು ಇಂಟರ್ನಲ್ ಸ್ಟೋರೇಜ್‌ನದೇ ಒಂದು ಭಾಗ, ಡೇಟಾ ಪಾರ್ಟಿಷನ್ ಒಳಗಿನ 'ಮೀಡಿಯಾ' ಫೋಲ್ಡರನ್ನು ಆ ಹೆಸರಿನಲ್ಲಿ ತೋರಿಸುತ್ತಾರೆ ಅಷ್ಟೇ. ನೀವು ಅಲ್ಲಿಗೆ 1 ಜಿಬಿ ವಿಡಿಯೊ ಹಾಕಿದರೆ ಆ್ಯಪ್ ಕೂರಬೇಕಾದ ಜಾಗದಿಂದಲೇ 1 ಜಿಬಿ ಹೋಯಿತು.

ಸೆಟ್ಟಿಂಗ್‌ನಲ್ಲಿ ನೀವು ಸೇರಿಸುವ ನಿಜವಾದ ಎಸ್‌ಡಿ ಕಾರ್ಡ್ ಬೇರೆ ಕಡೆ ಕೂರುತ್ತದೆ. '/ಸ್ಟೋರೇಜ್' ಒಳಗೆ ನಾಲ್ಕು ಅಕ್ಷರ, ಒಂದು ಗೆರೆ, ಮತ್ತೆ ನಾಲ್ಕು ಅಕ್ಷರದ ಹೆಸರಿನ ಫೋಲ್ಡರ್ ಆಗಿ ಕಾಣುತ್ತದೆ. ಆ್ಯಪ್‌ಗಳು ತಾವಾಗಿ ಅಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ನಿಮ್ಮ ಆ್ಯಪ್ ಕೋಡ್‌ನಲ್ಲಿ 'ಗೆಟ್ ಎಕ್ಸ್‌ಟರ್ನಲ್ ಫೈಲ್ಸ್ ಡಿರ್' ಅಂತ ಕೇಳಿದರೂ ಸಾಮಾನ್ಯವಾಗಿ ಸಿಗುವುದು ಇಂಟರ್ನಲ್ ಜಾಗವೇ. ಕೊನೆಗೆ ಒಂದು 'ಎಸ್' ಸೇರಿಸಿದ, ಬಹುವಚನದ ಇನ್ನೊಂದು ಕರೆ ಇದೆ, ಅದು ಪಟ್ಟಿ ಕೊಡುತ್ತದೆ. ಕಾರ್ಡ್ ಇದ್ದರೆ ಪಟ್ಟಿಯ ಎರಡನೆಯದಾಗಿ ಅದು ಬರುತ್ತದೆ. ಒಂದು ಅಕ್ಷರದ ವ್ಯತ್ಯಾಸ, ನನ್ನ ಆ ಮಧ್ಯಾಹ್ನವೆಲ್ಲ ಅದರಲ್ಲಿತ್ತು.

ಹಾಗಾದರೆ ಕಾರ್ಡ್ ಯಾರಿಗೆ ಬೇಕು? ಬಳಸುವವರು ಕಾರ್ಡ್ ಮೇಲೆ ಫೈಲ್ ಇಡುತ್ತಾರೆ ಅನ್ನುವಂಥ ಆ್ಯಪ್ ಮಾಡುವವರಿಗೆ. ಹಾಡು ಕೇಳುವ ಆ್ಯಪ್, ಫೈಲ್ ಮ್ಯಾನೇಜರ್, ಇಳಿಸಿಟ್ಟುಕೊಳ್ಳುವ ನಕ್ಷೆ, ಕ್ಯಾಮೆರಾ. ನಡುವೆ ಕಾರ್ಡ್ ಕಿತ್ತರೆ ಏನಾಗುತ್ತದೆ, ಕಾರ್ಡ್ ಇಲ್ಲದ ಫೋನ್‌ನಲ್ಲಿ ಏನಾಗುತ್ತದೆ, 2019ರ ಆಂಡ್ರಾಯ್ಡ್ 10ರಿಂದ ಬಂದ ಸ್ಕೋಪ್ಡ್ ಸ್ಟೋರೇಜ್ (ಬೇರೆಯವರ ಫೈಲ್‌ಗಳನ್ನು ಆ್ಯಪ್ ಮುಟ್ಟುವುದಕ್ಕೆ ಮಿತಿ ಹಾಕುವ) ನಿಯಮದಲ್ಲಿ ನಿಮ್ಮ ಆ್ಯಪ್‌ಗೆ ಕಾರ್ಡ್ ಮೇಲೆ ಎಷ್ಟು ಅನುಮತಿ ಸಿಗುತ್ತದೆ, ಇವನ್ನೆಲ್ಲ ನೋಡಲು ಕಾರ್ಡ್ ಬೇಕೇ ಬೇಕು.

ಕಾರ್ಡ್ ಇಮೇಜನ್ನು ಸ್ಟುಡಿಯೊದಲ್ಲೇ ಗಾತ್ರ ಕೊಟ್ಟು ಮಾಡಬಹುದು, ಇಲ್ಲವೇ ಎಂಕೆಎಸ್‌ಡಿಕಾರ್ಡ್ ಅನ್ನುವ ಟೂಲ್‌ನಿಂದ ಬೇರೆಯಾಗಿ ಮಾಡಿ ಜೋಡಿಸಬಹುದು. ಅದು 9 ಎಂಬಿಯಿಂದ 1023 ಜಿಬಿವರೆಗೆ ಒಪ್ಪುತ್ತದೆ. ಬೇರೆಯಾಗಿ ಮಾಡಿದ ಕಾರ್ಡ್‌ನ ಒಂದು ಒಳ್ಳೆಯ ಗುಣ ಏನಂದರೆ, ಡಿವೈಸ್ ಬದಲಿಸಿದರೂ ಅದೇ ಫೈಲನ್ನು ಹೊಸದಕ್ಕೆ ಜೋಡಿಸಬಹುದು. ಪರೀಕ್ಷೆಯ ಹಾಡು, ಚಿತ್ರಗಳನ್ನು ಮತ್ತೆ ಮತ್ತೆ ತುಂಬುವ ಕೆಲಸ ಇಲ್ಲ. ಕಾರ್ಡ್ ಎಫ್‌ಎಟಿ32 ಮಾದರಿಯದ್ದು, ಆದ್ದರಿಂದ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಫೈಲ್ ಅದರ ಮೇಲೆ ಕೂರುವುದಿಲ್ಲ, ಕಾರ್ಡ್ ಎಷ್ಟೇ ದೊಡ್ಡದಿದ್ದರೂ.

ಕಾರ್ಡನ್ನೇ ಇಂಟರ್ನಲ್ ಜಾಗದ ಹಾಗೆ ಬಳಸುವ ಅಡಾಪ್ಟಬಲ್ ಸ್ಟೋರೇಜ್ 2015ರ ಆಂಡ್ರಾಯ್ಡ್ 6.0ರಲ್ಲಿ ಬಂತು. ಎಮ್ಯುಲೇಟರ್‌ನಲ್ಲಿ ಜಾಗಕ್ಕಾಗಿ ಅದನ್ನು ಹಿಡಿದು ಹೋಗುವುದು ಸುತ್ತುಬಳಸಿನ ದಾರಿ. ಇಂಟರ್ನಲ್ ಅನ್ನೇ ನೇರವಾಗಿ ದೊಡ್ಡದು ಮಾಡುವ ಸ್ವಾತಂತ್ರ್ಯ ಇಲ್ಲಿ ಇದೆಯಲ್ಲ.

ಲ್ಯಾಪ್‌ಟಾಪೇ ತುಂಬಿದ್ದರೆ

256 ಜಿಬಿಯ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದೇ ದೊಡ್ಡ ತಲೆನೋವು. ಮೊದಲು ಡಿವೈಸ್ ಫೋಲ್ಡರ್ ಒಳಗಿನ 'ಸ್ನ್ಯಾಪ್‌ಶಾಟ್ಸ್' ನೋಡಿ. ಪ್ರತಿ ಸ್ನ್ಯಾಪ್‌ಶಾಟ್‌ನಲ್ಲೂ ಎಮ್ಯುಲೇಟರ್‌ನ ರ‍್ಯಾಮ್‌ನಲ್ಲಿದ್ದದ್ದು ಸೇವ್ ಆಗುತ್ತದೆ, ನಾಲ್ಕೈದು ಇಟ್ಟುಕೊಂಡರೆ ಜಿಬಿಗಟ್ಟಲೆ. ಬೇಡದ್ದನ್ನು ಎಮ್ಯುಲೇಟರ್‌ನ ಸ್ನ್ಯಾಪ್‌ಶಾಟ್ ಪುಟದಿಂದಲೇ ಅಳಿಸಿ. ಆಮೇಲೆ ಎಸ್‌ಡಿಕೆ ಮ್ಯಾನೇಜರ್‌ಗೆ ಹೋಗಿ ಯಾವ ಡಿವೈಸೂ ಬಳಸದ ಹಳೆಯ ಸಿಸ್ಟಮ್ ಇಮೇಜ್‌ಗಳನ್ನು ತೆಗೆಯಿರಿ. ಅವೂ ಒಂದೊಂದೂ ದೊಡ್ಡವೇ.

ಅದೂ ಸಾಲದಿದ್ದರೆ ಡಿವೈಸ್ ಫೋಲ್ಡರನ್ನೇ ಬೇರೆ ಡ್ರೈವ್‌ಗೆ ಸಾಗಿಸಬಹುದು. 'ಆಂಡ್ರಾಯ್ಡ್_ಎವಿಡಿ_ಹೋಮ್' ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಹೊಸ ಜಾಗದ ದಾರಿ ಕೊಟ್ಟರೆ ಎಮ್ಯುಲೇಟರ್ ಅಲ್ಲಿಂದ ಓದುತ್ತದೆ. ಒಂದೇ ಡಿವೈಸ್ ಸಾಗಿಸುವುದಾದರೆ ಅದರ ಹೆಸರಿನ ಚಿಕ್ಕ ಐಎನ್ಐ ಫೈಲ್ ಹೊರಗೆ ಇರುತ್ತದೆ, ಅದರಲ್ಲಿ 'ಪಾತ್' ಸಾಲನ್ನು ಬದಲಿಸಿ. ಹೊಸ ಜಾಗ ಎಸ್‌ಎಸ್‌ಡಿ ಆಗಿರಲಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಮೇಲೆ ಇಟ್ಟರೆ ಜಾಗವೇನೋ ಸಿಗುತ್ತದೆ, ಎಮ್ಯುಲೇಟರ್ ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದು.

ಐಫೋನ್ ಆ್ಯಪ್ ಮಾಡುವವರಿಗೆ ಈ ಇಡೀ ಲೆಕ್ಕವೇ ಬೇರೆ. ಎಕ್ಸ್‌ಕೋಡ್‌ನ ಸಿಮ್ಯುಲೇಟರ್ ಮ್ಯಾಕ್‌ನ ಡಿಸ್ಕನ್ನೇ ನೇರವಾಗಿ ಬಳಸುತ್ತದೆ, ಅದಕ್ಕೆ ಬೇರೆ ಗಾತ್ರದ ಮಿತಿ ಇಲ್ಲ. ಅಲ್ಲಿ ಜಾಗ ಇಲ್ಲ ಅಂದರೆ ಮ್ಯಾಕ್ ಖಾಲಿ ಮಾಡಿ.

ಹಾಗಾದರೆ ಎಷ್ಟು ಕೊಡಲಿ?

ಸಾಮಾನ್ಯ ಆ್ಯಪ್‌ಗೆ ಈಗಿನ ಸ್ಟುಡಿಯೊ ತಾನಾಗಿ ಕೊಡುವ 6 ಜಿಬಿ ಸಾಕು. ಆಟ, ವಿಡಿಯೊ, ಇಳಿಸಿಟ್ಟುಕೊಳ್ಳುವ ಪಾಠ ಇಂಥವುಗಳಿಗೆ 16. ಅದಕ್ಕಿಂತ ಜಾಸ್ತಿ ನಾನು ಕೊಟ್ಟಿಲ್ಲ, ಕೊಡುವ ಅಗತ್ಯವೂ ಬಂದಿಲ್ಲ. ನಿಮ್ಮ ಆ್ಯಪ್ ಹಿಡಿಯುವ ಅತಿ ಹೆಚ್ಚಿನ ಡೇಟಾದ ಎರಡು ಪಟ್ಟು, ಅದರ ಮೇಲೆ ಸಿಸ್ಟಮ್‌ಗೆ ಅಂತ 3 ಜಿಬಿ ಲೆಕ್ಕ ಹಾಕಿ. ಡೌನ್‌ಲೋಡ್ ಆದ ಜಿಪ್ ಬಿಚ್ಚುವಾಗ ಒಂದು ಕ್ಷಣ ಎರಡೂ ಇರುತ್ತವೆ, ಅದಕ್ಕೇ ಎರಡು ಪಟ್ಟು.

ಆದರೆ ದೊಡ್ಡ ಡಿವೈಸ್ ಮಾಡಿ ಅಲ್ಲಿಗೇ ಬಿಡಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಒಂದು ಚಿಕ್ಕ ಡಿವೈಸನ್ನೂ ಇಟ್ಟುಕೊಳ್ಳಿ. ನಮ್ಮ ಅತ್ತೆಯ ಫೋನ್ 32 ಜಿಬಿಯದು. ಫ್ಯಾಮಿಲಿ ಗ್ರೂಪಿನ ಶುಭೋದಯದ ಚಿತ್ರ, ಮೊಮ್ಮಕ್ಕಳ ವಿಡಿಯೊ, ದೇವಸ್ಥಾನದ ಫೋಟೊ ತುಂಬಿ, ವರ್ಷದಲ್ಲಿ ಹನ್ನೊಂದು ತಿಂಗಳು ಅದು 'ಸ್ಟೋರೇಜ್ ಫುಲ್' ಅನ್ನುತ್ತಲೇ ಇರುತ್ತದೆ. ನಾವು ಮಾಡುವ ಆ್ಯಪ್ ಓಡಬೇಕಾದ್ದು ಅಂಥ ಫೋನ್‌ನಲ್ಲಿ. ನಾವು ಪರೀಕ್ಷಿಸುವುದು ಮಾತ್ರ 16 ಜಿಬಿ ಖಾಲಿ ಇರುವ, ಆಗಷ್ಟೇ ಪ್ಯಾಕ್ ಬಿಚ್ಚಿದಂಥ ಡಿವೈಸ್ ಮೇಲೆ.

ಅದಕ್ಕೆ ಬೇರೆ ಚಿಕ್ಕ ಡಿವೈಸ್ ಇಲ್ಲದಿದ್ದರೂ ನಡೆಯುತ್ತದೆ. ಇರುವುದನ್ನೇ ಬೇಕಂತಲೇ ತುಂಬಿಸಬಹುದು. ಎಡಿಬಿ ಶೆಲ್‌ನಲ್ಲಿ '/ಡೇಟಾ/ಲೋಕಲ್/ಟಿಎಂಪಿ' ಫೋಲ್ಡರಿಗೆ ರೂಟ್ ಇಲ್ಲದೆಯೂ ಬರೆಯಬಹುದು. ಅಲ್ಲಿ ಎಫ್‌ಅಲೊಕೇಟ್ ಕಮಾಂಡ್‌ನಿಂದ 4 ಜಿಬಿಯ ಒಂದು ಖಾಲಿ ಫೈಲ್ ಮಾಡಿದರೆ ಒಂದೆರಡು ಕ್ಷಣದಲ್ಲಿ ಅಷ್ಟು ಜಾಗ ಹೋಗುತ್ತದೆ. ಡಿಎಫ್ ನೋಡಿಕೊಂಡು, 200 ಎಂಬಿ ಉಳಿಯುವ ಹಾಗೆ ಸರಿಹೊಂದಿಸಿ, ಆ್ಯಪ್ ತೆಗೆದು ದೊಡ್ಡದೊಂದು ಡೌನ್‌ಲೋಡ್ ಶುರು ಮಾಡಿ.

ನಮ್ಮ ಪಾಠದ ಆ್ಯಪ್‌ನಲ್ಲಿ ಆಗ ಏನಾಯಿತು ಗೊತ್ತಾ? ಡೌನ್‌ಲೋಡ್ ಅರ್ಧಕ್ಕಿಂತ ಮುಂದೆ ಹೋಗಿ ನಿಂತಿತು. ಏನೂ ಸಂದೇಶವಿಲ್ಲ. ಅರ್ಧ ಇಳಿದ ಫೈಲ್ ಹಾಗೇ ಉಳಿದು, ಇದ್ದ ಅಷ್ಟಿಷ್ಟು ಜಾಗವನ್ನೂ ತಿಂದು ಕೂತಿತ್ತು. ಮತ್ತೆ ಒತ್ತಿದರೆ ಇನ್ನೊಂದು ಅರ್ಧ ಫೈಲ್. ದೊಡ್ಡ ಡಿವೈಸ್ ಮೇಲೆ ಮೂರು ತಿಂಗಳು ಪರೀಕ್ಷಿಸಿದರೂ ಇದು ಕಂಡಿರಲಿಲ್ಲ.

ಸರಿಪಡಿಸಲು ಹಿಡಿದದ್ದು ಒಂದೇ ದಿನ. 2017ರ ಆಂಡ್ರಾಯ್ಡ್ 8.0ರಿಂದ ಸ್ಟೋರೇಜ್ ಮ್ಯಾನೇಜರ್‌ನಲ್ಲಿ 'ಗೆಟ್ ಅಲೊಕೇಟಬಲ್ ಬೈಟ್ಸ್' ಅನ್ನುವ ಕರೆ ಇದೆ. ಸಿಸ್ಟಮ್ ಕಾದಿಟ್ಟುಕೊಂಡ ಜಾಗ ಕಳೆದು, ಬೇರೆ ಆ್ಯಪ್‌ಗಳ ಕ್ಯಾಶೆಯಲ್ಲಿ ಅಳಿಸಬಹುದಾದ್ದನ್ನು ಕೂಡಿಸಿ, ನಿಮಗೆ ನಿಜವಾಗಿ ಎಷ್ಟು ಸಿಗಬಹುದು ಅಂತ ಹೇಳುತ್ತದೆ. ಡೌನ್‌ಲೋಡ್‌ಗೆ ಮೊದಲು ಅದನ್ನು ಕೇಳಿ, ಸಾಲದಿದ್ದರೆ 'ಈ ಪಾಠಕ್ಕೆ ಇನ್ನೂ 140 ಎಂಬಿ ಬೇಕು' ಅಂತ ಕನ್ನಡದಲ್ಲೇ ತೋರಿಸಿ, ಅಲ್ಲಿಂದಲೇ ಜಾಗ ಖಾಲಿ ಮಾಡುವ ಸೆಟ್ಟಿಂಗ್‌ಗೆ ಕರೆದುಕೊಂಡು ಹೋಗುವ ಬಟನ್ ಇಟ್ಟೆವು. ನಡುವೆ ನಿಂತರೆ ಅರ್ಧ ಫೈಲ್ ಅಳಿಸುವಂತೆ ಮಾಡಿದೆವು.

ಪರೀಕ್ಷೆ ಮುಗಿದ ಮೇಲೆ ಟಿಎಂಪಿ ಫೋಲ್ಡರಿನ ಆ 4 ಜಿಬಿ ಫೈಲನ್ನು ಮರೆಯದೆ ಅಳಿಸಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮತ್ತೆ 'ಇನ್‌ಸಫಿಷಿಯೆಂಟ್ ಸ್ಟೋರೇಜ್' ಬಂದು, ಎಲ್ಲಿ ಹೋಯಿತು ಜಾಗ ಅಂತ ಮೊದಲಿನಿಂದ ಹುಡುಕಬೇಕಾಗುತ್ತದೆ.